ನೀರು ಉಳಿಸಿ ಆಡಿದ ಓಕುಳಿ

ಬಳ್ಳಾರಿಯಲ್ಲಿ ಹೋಳಿ ಹತ್ತಿರ ಬಂದರೆ ನಾವು ಮೊದಲು ಬಣ್ಣದ ಅಂಗಡಿಗೆ ಹೋಗುತ್ತಿರಲಿಲ್ಲ. ನಲ್ಲಿ ನೀರು ಯಾವತ್ತು ಬರುತ್ತದೆ ಎಂದು ವಿಚಾರಿಸುತ್ತಿದ್ದೆವು. ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ನೀರು ತುಂಗಭದ್ರಾ ಕಾಲುವೆಯದು. ಕಾಲುವೆ ಹರಿಯುವಾಗ ಅಲ್ಲೀಪುರದ ಕೆರೆ ತುಂಬಿಸಿಕೊಂಡು ಬೇಸಿಗೆ ದೂಡಬೇಕು. ಹೋಳಿ ಹುಣ್ಣಿಮೆ ಬರುವುದೋ ಬಿಸಿಲು ಏರುವ ಮಾರ್ಚ್‌ನಲ್ಲೇ. ತೊಟ್ಟಿ ಖಾಲಿ ಇದ್ದರೆ ಬಣ್ಣ ಹಚ್ಚಿಕೊಂಡು ಏನು ಮಾಡೋದು?

ನಾನು ಓದಿದ್ದು 2000ದ ದಶಕದ ನಡುವಿನಲ್ಲಿ. ಕಾಲೇಜು ಆಗಿನ್ನೂ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಬಳ್ಳಾರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ಗಣಿಗಾರಿಕೆ ಜೋರಾಗಿದ್ದ ಕಾಲ ಅದು. ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಅಂಗಿ ತಾನಾಗಿ ಕೆಂಪಾಗುತ್ತಿತ್ತು. ಅದಕ್ಕೆ ಹಬ್ಬವೇ ಬೇಕಿರಲಿಲ್ಲ!

ಹಾಸ್ಟೆಲಿನಲ್ಲಿ ಸಿರುಗುಪ್ಪ, ಸಂಡೂರು, ಹಡಗಲಿ, ಕೂಡ್ಲಿಗಿ ಕಡೆಯ ಹುಡುಗರಿದ್ದರು. (ಕೊನೆಯ ಎರಡು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ.) ನಮಗೆಲ್ಲ ಹೋಳಿ ಎಂದರೆ ಮೊದಲು ಕಾಮಣ್ಣ. ವಾರ ಮೊದಲೇ ಕಟ್ಟಿಗೆ, ಕುಳ್ಳು ಕದಿಯೋದು. ಕಳಕೊಂಡವರು ಬೈದರೂ ಮನಸ್ಸಿನಲ್ಲಿ ನಗುತ್ತಿದ್ದರು. ರಾತ್ರಿ ಕಾಮಣ್ಣನನ್ನು ಸುಟ್ಟು, ಹಲಗೆ ಬಾರಿಸಿ, ಬಾಯಿ ಬಡಿದುಕೊಂಡು, ಕೆಂಡ ಮನೆಗೆ ಒಯ್ಯೋದು. ಮುತ್ತುಗದ ಹೂ ಕುದಿಸಿ ಬಣ್ಣ ಮಾಡುತ್ತಿದ್ದುದನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ನಾವು ಕಂಡದ್ದು ಪ್ಯಾಕೆಟ್ ಬಣ್ಣವನ್ನೇ.

ಒಣ ಬಣ್ಣದ ಆಟ ಕಲಿಸಿದವನು ನಮ್ಮ ತರಗತಿಯ ಒಬ್ಬ ಮಾರವಾಡಿ ಗೆಳೆಯ. ಅವನ ಮನೆಯಲ್ಲಿ ಹಿರಿಯರ ಕಾಲಿಗೆ ಮೊದಲು ಗುಲಾಲು ಹಾಕಿ, ಆಮೇಲೆ ಕೆನ್ನೆಗೆ ಹಚ್ಚುತ್ತಿದ್ದರು. ಒಂದು ಚೊಂಬು ನೀರೂ ಖರ್ಚಿಲ್ಲ. ಮೇಲೆ ತಟ್ಟೆ ತುಂಬ ಗುಜಿಯಾ. ನಮ್ಮ ಕರ್ಜಿಕಾಯಿಗೆ ಅಣ್ಣನೋ ತಮ್ಮನೋ ಅನ್ನುವ ಹಾಗಿರುತ್ತಿತ್ತು.

ಹಾಸ್ಟೆಲಿನಲ್ಲೂ ಅದೇ ಪದ್ಧತಿ ಬಂತು. ಮೊದಲು ಗುಲಾಲು, ಕೊನೆಗೆ ಒಂದೇ ಒಂದು ಡ್ರಮ್ ನೀರು. ತೊಟ್ಟಿಗೆ ಅಡುಗೆ ಅಣ್ಣನ ಕಾವಲು. "ಕುಡಿಯೋ ನೀರಿಗೆ ಕೈ ಹಾಕಿದ್ರೆ ಮಧ್ಯಾಹ್ನ ಊಟ ಇಲ್ಲ ನೋಡ್ರಿ" ಎಂದು ಸೌಟು ಹಿಡಿದೇ ನಿಲ್ಲುತ್ತಿದ್ದರು. ವಾರ್ಡನ್ ಮಾತಿಗಿಂತ ಆ ಸೌಟಿಗೆ ಬೆಲೆ ಜಾಸ್ತಿ. ಈಗ ಹೋಳಿ ಅಂದರೆ ಟ್ಯಾಂಕರ್ ತರಿಸಿ, ಡಿಜೆ ಹಾಕಿ ಮಳೆ ಸುರಿಸಿ ಕುಣಿಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇರಬಹುದು ಬಿಡಿ.

ಆಮೇಲೆ ಹಲಗೆ ಹಿಡಿದು ರಾಯಲ್ ಸರ್ಕಲ್ ಕಡೆ ಹೊರಡುತ್ತಿದ್ದೆವು. ಒಬ್ಬರ ಅಂಗಿ ಒಬ್ಬರು ಹರಿದು ಕರೆಂಟು ತಂತಿಗೆ ಎಸೆಯುವುದೇ ಶೂರತನ. ಯುಗಾದಿಯವರೆಗೂ ಅಲ್ಲೇ ತೂಗುತ್ತಿದ್ದವು. ಬೆಳ್ಳಿ ಬಣ್ಣ ಹಚ್ಚುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಕಿವಿ ಹಿಂದೆ ಉಳಿಯುತ್ತಿತ್ತು. ಹುಡುಗಿಯರ ಹಾಸ್ಟೆಲ್ ಗೇಟಿಗೆ ಅವತ್ತು ಬೀಗ. ಅವರು ಒಳಗೇ ಆಡಿಕೊಳ್ಳಬೇಕು, ಬೀದಿಯೆಲ್ಲ ನಮಗೆ. ಅದು ನ್ಯಾಯವೇ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಹೊಟ್ಟೆ ಹಸಿದಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಅಂಗಡಿಯವರು ನಮ್ಮನ್ನು ಬೆಂಚಿಗೆ ಸೇರಿಸುತ್ತಿರಲಿಲ್ಲ. ಪೇಪರಿನಲ್ಲಿ ಕಟ್ಟಿ, ದೂರದಿಂದಲೇ ಕೈ ಚಾಚಿ ಕೊಡುತ್ತಿದ್ದರು. ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡವರು ಜಾಣರು. ಅವರ ಸ್ನಾನ ಎರಡು ಬಕೆಟ್‌ನಲ್ಲಿ ಮುಗಿಯುತ್ತಿತ್ತು. ಉಳಿದವರು ಸೈಕಲ್ ಹತ್ತಿ ಕಾಲುವೆ ಕಡೆ.

ಒಂದು ವರ್ಷ ಹೋಳಿಯ ಮರುದಿನವೇ ಟೆಸ್ಟ್. ಉತ್ತರ ಪತ್ರಿಕೆಯ ಅಂಚಿಗೆಲ್ಲ ಗುಲಾಬಿ ಬೆರಳಚ್ಚು. ಅರ್ಥಶಾಸ್ತ್ರದ ಮೇಷ್ಟ್ರು ಕಂತೆ ತಿರುವಿ, ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಉತ್ತರ ಎಲ್ಲಾ ಖಾಲಿ ಐತಿ. ಬಣ್ಣಕ್ಕೇ ಮಾರ್ಕ್ಸ್ ಹಾಕ್ಲೇನ್ರಪಾ?" ಹಿಂದಿನ ಬೆಂಚಿನಿಂದ ಯಾರೋ "ಹಾಕ್ರಿ ಸಾರ್" ಅಂದರು. ಹಾಕಲಿಲ್ಲ.