ಪಕ್ಕೆಯ ಪಟ್ಟೆ ಯಾರಿಗೂ ಬೇಡ

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನ ಗೆಳೆಯನ ಸ್ಟುಡಿಯೋ ಇದೆ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಅವನಿಗೆ ಕೆಲಸವೂ ಇಲ್ಲ. ಅಂಥ ಒಂದು ಭಾನುವಾರ ಮುಂದಿನ ಕೋಣೆ ಖಾಲಿ ಮಾಡಿ, ನಾವಿಬ್ಬರೂ ಬಂಡೀಪುರ, ಕಬಿನಿ ಕಡೆ ತೆಗೆದ ಹುಲಿ ಫೋಟೋಗಳನ್ನು ನೇತುಹಾಕಿದೆವು. ಮಾರಿ ಬಂದ ದುಡ್ಡು ಹುಲಿ ಉಳಿಸುವ ಕೆಲಸಕ್ಕೆ ಎಂದು ಬಾಗಿಲಲ್ಲಿ ಬರೆದಿಟ್ಟೆವು. ಯಾವ ಕೆಲಸ, ಯಾರಿಗೆ ಅನ್ನೋದನ್ನು ಬರೆದಿರಲಿಲ್ಲ.

ಬಂದವರೆಲ್ಲ ಒಂದೇ ಚಿತ್ರದ ಮುಂದೆ ನಿಂತರು. ಸಫಾರಿ ದಾರಿಯಲ್ಲಿ ಗಂಡು ಹುಲಿಯೊಂದು ಎದುರಿಗೆ ನಡೆದು ಬರುತ್ತಿದೆ, ಕಣ್ಣು ನೇರ ನಮ್ಮ ಮೇಲೆ. ಫೋಟೋ ತೆಗೆಯುವವರು ಇದಕ್ಕೆ 'ಹೆಡ್ ಆನ್' ಅನ್ನುತ್ತಾರೆ. ಜೀಪಿನಲ್ಲಿ ಕೂತ ಎಲ್ಲರೂ ಕಾಯುವುದು ಇದಕ್ಕೇ. ಒಬ್ಬ ಗೃಹಿಣಿ ಪ್ರಿಂಟ್ ಕೊಂಡು, ಇದನ್ನು ಮನೆಯಲ್ಲಿ ಯಾವ ದಿಕ್ಕಿಗೆ ಹಾಕಬೇಕು ಅಂತ ಕೇಳಿದರು. "ಬಾಗಿಲು ಕಡೆ ನೋಡೋ ಹಾಗೆ ಹಾಕಿ ಮೇಡಂ, ಸಾಲ ಕೇಳೋರು ಬರಲ್ಲ" ಅಂದ ಗೆಳೆಯ. ಅವರು ನಗದೆ ತಲೆಯಾಡಿಸಿದರು.

ನನಗೆ ಇಷ್ಟವಾದ ಚಿತ್ರ ಮೂಲೆಯಲ್ಲಿತ್ತು. ಲಂಟಾನ ಪೊದೆ ಪಕ್ಕ ಹೆಣ್ಣು ಹುಲಿ ಅಡ್ಡಡ್ಡ ನಿಂತಿದೆ. ಮುಖ ಅರ್ಧ ಎಲೆಗಳ ಹಿಂದೆ, ಬೆಳಕೂ ಸುಮಾರು. ಆದರೆ ಎಡ ಪಕ್ಕೆ ಭುಜದಿಂದ ತೊಡೆಯವರೆಗೆ ಸ್ವಚ್ಛವಾಗಿ ಕಾಣುತ್ತದೆ. ನಮ್ಮ ಹೆಬ್ಬೆರಳ ಗುರುತಿನ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಹಿಂದೆ ಹೆಜ್ಜೆಗುರುತು ಲೆಕ್ಕ ಹಾಕಿ ಹುಲಿ ಎಣಿಸುತ್ತಿದ್ದರು, ಒಂದೇ ಹುಲಿ ಎರಡು ಸಲ ಲೆಕ್ಕಕ್ಕೆ ಬಂದರೂ ಗೊತ್ತಾಗುತ್ತಿರಲಿಲ್ಲ. ಈಗ ಕಾಡಿನ ದಾರಿಯಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟುತ್ತಾರೆ. ಹುಲಿ ಹಾದುಹೋದರೆ ಕ್ಯಾಮೆರಾ ತಾನಾಗೇ ಕ್ಲಿಕ್ಕಾಗುತ್ತದೆ, ಪಟ್ಟೆ ಹೋಲಿಸಿ ಯಾವ ಹುಲಿ ಎಂದು ಗುರುತಿಸುತ್ತಾರೆ. 2018ರಲ್ಲಿ ಕರ್ನಾಟಕದಲ್ಲಿ 524 ಹುಲಿ, 2022ರಲ್ಲಿ 563 ಎಂಬ ಅಂದಾಜಿನ ಹಿಂದೆ ಇಂಥ ಚಿತ್ರಗಳೇ ಇವೆ. ಎದುರುಮುಖದ ಫೋಟೋ ಈ ಕೆಲಸಕ್ಕೆ ಅಷ್ಟಾಗಿ ಬರಲ್ಲ.

ಇದನ್ನೆಲ್ಲ ಅಪ್ಪನ ಜೊತೆ ಬಂದಿದ್ದ ಹುಡುಗನೊಬ್ಬನಿಗೆ ಹೇಳುತ್ತಿದ್ದೆ. "ಎಡಗಡೆ, ಬಲಗಡೆ ಎರಡೂ ಒಂದೇ ಥರ ಇರುತ್ತಾ ಅಂಕಲ್?" ಎಂದ. ಎಂಥ ಪ್ರಶ್ನೆ ನೋಡಿ! ಇರಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರು ಎರಡು ಕ್ಯಾಮೆರಾ ಇಡುವುದು. ಖುಷಿಯಾಗಿ ಅವನಿಗೆ ಶಿಕಾರಿಪುರದ ಕಥೆಯನ್ನೂ ಹೇಳಿದೆ. 2011ರಲ್ಲಿ ಅಲ್ಲಿ ಒಂದು ಹುಲಿಯನ್ನು ಹಿಡಿದರು. ಪಟ್ಟೆ ಹೋಲಿಸಿದರೆ, ಅದು ಮೊದಲು ಬಂಡೀಪುರದ ಕ್ಯಾಮೆರಾಗೆ ಸಿಕ್ಕಿದ್ದ ಹುಲಿ! ನಡುವೆ ಸುಮಾರು 280 ಕಿಲೋಮೀಟರ್.

"ಅಷ್ಟು ದೂರ ಊರುಗಳ ಮಧ್ಯೆ ಹೋಯ್ತಾ? ಯಾರೂ ಹೊಡೀಲಿಲ್ವಾ ಸ್ವಾಮಿ?"

ಕೇಳಿದವರು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದು ಕೂತಿದ್ದ ಯಜಮಾನರು. ಊರು ದೇವರಾಯನದುರ್ಗದ ತಪ್ಪಲಲ್ಲಿ. ಅಲ್ಲಿ ಹುಲಿ ಇಲ್ಲ, ಚಿರತೆ ಇದೆ. ಆಡು ಕೂಡುವ ಅವರ ರೊಪ್ಪಕ್ಕೆ ಸುತ್ತ ಮುಳ್ಳುಬೇಲಿ ಇದೆ, ಮೇಲೆ ಏನೂ ಇಲ್ಲ. ಚಿರತೆ ಮೇಲಿಂದ ಹಾರಿ ಎರಡು ಆಡು ಕೊಂದಿತ್ತು. ಪರಿಹಾರಕ್ಕೆ ಅರ್ಜಿ ಕೊಟ್ಟಿರಾ ಎಂದೆ. "ಮಹಜರು ಆಗಬೇಕು, ಡಾಕ್ಟ್ರು ಬರೀಬೇಕು. ಎರಡು ಆಡಿಗೆ ಯಾರು ಓಡಾಡ್ತಾರೆ? ಕೋಪ ಬರುತ್ತೆ, ಅಷ್ಟೇ" ಎಂದರು.

ಆ 'ಅಷ್ಟೇ' ನನ್ನನ್ನು ಬಿಡಲಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ, ನಾಲ್ಕು ಮರಿ ಸತ್ತವಲ್ಲ, ಅದು ಬೇಟೆಗಾರರ ಕೆಲಸ ಆಗಿರಲಿಲ್ಲ. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ವಿಷ ಹಾಕಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಹಸು ಹೋದ ಮನೆಗೆ ಮೊದಲು ಹೋಗದೆ, ಗೋಡೆ ಮೇಲೆ ಹುಲಿ ನೇತುಹಾಕಿ 'ಉಳಿಸಿ' ಅನ್ನೋದು ನನಗಂತೂ ಬರೀ ಅಲಂಕಾರ ಅನ್ನಿಸುತ್ತದೆ. ಬಂಡೀಪುರ, ನಾಗರಹೊಳೆ ಸುತ್ತಲ ಹಳ್ಳಿಗಳಲ್ಲಿ 2015ರಿಂದ 'ವೈಲ್ಡ್ ಸೇವೆ' ಎಂಬ ತಂಡದವರು ಹೀಗೆ ನಷ್ಟವಾದ ಮನೆಗೆ ಹೋಗುವ ಕೆಲಸ ಮಾಡುತ್ತಿದ್ದಾರೆ. ಫೋನ್ ಮಾಡಿದರೆ ಬಂದು ಪರಿಹಾರದ ಅರ್ಜಿ ಹಾಕಲು ನೆರವಾಗುತ್ತಾರೆ.

ಸಂಜೆ ಗಲ್ಲಾಪೆಟ್ಟಿಗೆ ಎಣಿಸುವಾಗ ನಮ್ಮಿಬ್ಬರಿಗೆ ಜಗಳ. ಈ ದುಡ್ಡಲ್ಲಿ ಯಜಮಾನರ ರೊಪ್ಪಕ್ಕೆ ಜಾಲರಿ ಹಾಕಿಸೋಣ ಎಂದೆ. "ಹುಲಿಗೆ ಅಂತ ಕೊಟ್ಟ ದುಡ್ಡು ಕಣೋ. ಚಿರತೆ ಊರಿಗೆ ಹಾಕಿದ್ರೆ ಮೋಸ ಅಲ್ವಾ?" ಎಂದ ಗೆಳೆಯ. ಕಾಡಿಗೆ ಹತ್ತಿರ ಬದುಕುವವರ ಕಷ್ಟ ಎಲ್ಲ ಕಡೆ ಒಂದೇ ಎಂದು ವಾದಿಸಿದೆ. ಅವನು ಜಗ್ಗಲಿಲ್ಲ. ಅವನ ಮಾತೂ ಸರಿಯೇ. ಕೊನೆಗೆ ಪ್ರಿಂಟ್ ದುಡ್ಡು ಬಂಡೀಪುರದ ಕಡೆಗೆ, ರೊಪ್ಪದ ಖರ್ಚು ನಮ್ಮ ಜೇಬಿನಿಂದ ಎಂದಾಯಿತು. ಮುಂದಿನ ಸಫಾರಿಗೆಂದು ಇಬ್ಬರೂ ಎತ್ತಿಟ್ಟಿದ್ದ ಹಣ ಅದಕ್ಕೆ ಹೋಯಿತು. ಪಕ್ಕೆಯ ಚಿತ್ರ ಮಾರಾಟವಾಗಲಿಲ್ಲ. ತೆಗೆದ ದಿನ, ಜಾಗ ಬರೆದು ಅದರ ಫೈಲನ್ನು ಹುಲಿ ಅಧ್ಯಯನ ಮಾಡುವ ಪರಿಚಯದವರೊಬ್ಬರಿಗೆ ಕಳಿಸಿದೆ.

ಮಾರನೇ ದಿನ ಮಂಡಿಪೇಟೆಯಲ್ಲಿ ಜಾಲರಿ ವಿಚಾರಿಸಲು ಹೋದೆವು. ಅಂಗಡಿಯವರು ತೆಳ್ಳಗಿನ ಸುರುಳಿಯೊಂದನ್ನು ಬಿಚ್ಚಿ, "ಕೋಳಿಗೆ ತಾನೇ?" ಎಂದರು. ಚಿರತೆಗೆ ಎಂದ ಗೆಳೆಯ. ಅವರು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಸುರುಳಿ ಸುತ್ತಿಟ್ಟು, ದಪ್ಪ ತಂತಿಯದ್ದು ತರಲು ಒಳಗೆ ಹೋದರು. ರೇಟು ಕೇಳಿದ ಮೇಲೆ ಗೆಳೆಯ ಒಂದು ಗಂಟೆ ಚೌಕಾಸಿ ಮಾಡಿದ.