ಒಂದೇ ಗಡ್ಡೆ, ಎರಡು ಬಣ್ಣ

ನಿನ್ನೆ ಸೂಕ್ಷ್ಮದರ್ಶಕದಡಿ ಇಟ್ಟ ಸ್ಲೈಡ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಜಠರದ ಕ್ಯಾನ್ಸರ್ ಗಡ್ಡೆಯಿಂದ ಕೊಯ್ದ, 4 ಮೈಕ್ರಾನ್ ದಪ್ಪದ ಚೂರು. ಥೈಮಿಡಿಲೇಟ್ ಸಿಂಥೇಸ್ ಎಂಬ ಕಿಣ್ವ ಇರುವಲ್ಲಿ ಕಂದು ಬಣ್ಣ ಮೂಡಬೇಕು. ಎಡಭಾಗವೆಲ್ಲ ತುಕ್ಕು ಹಿಡಿದಂತೆ ಗಾಢ ಕಂದು. 2 ಮಿಲಿಮೀಟರ್ ಆಚೆಗೆ ಬರೀ ತೆಳು ನೀಲಿ. ವೈದ್ಯರ ಪ್ರಶ್ನೆಯೋ ಒಂದೇ ಸಾಲಿನದು: ಕಿಣ್ವ ಹೆಚ್ಚೋ, ಕಡಿಮೆಯೋ?

ಈ ಪ್ರಶ್ನೆಯ ಹಿಂದಿನ ತರ್ಕ ನನಗೆ ಬಹಳ ಇಷ್ಟ. 1957ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ಯಾನ್ಸರ್ ಮದ್ದು ಫ್ಲೂರೊಯುರಾಸಿಲ್, ಆರ್‌ಎನ್‌ಎಯ ಒಂದು ಘಟಕವಾದ ಯುರಾಸಿಲ್‌ನ ವೇಷದಲ್ಲಿ ಜೀವಕೋಶದ ಒಳಹೊಕ್ಕು, ರೂಪ ಬದಲಿಸಿ ಈ ಕಿಣ್ವವನ್ನೇ ಹಿಡಿದು ಕಟ್ಟಿಹಾಕುತ್ತದೆ. ಡಿಎನ್‌ಎ ಹೆಣೆಯಲು ಬೇಕಾದ ಥೈಮಿಡಿನ್‌ಗೆ ಕೋಶದಲ್ಲಿ ಬರ ಬೀಳುತ್ತದೆ. ಕಿಣ್ವವೇ ವಿಪರೀತ ಇದ್ದರೆ ಮದ್ದು ಸಾಲದು. ಡಿಪಿಡಿ ಎಂಬ ಇನ್ನೊಂದು ಕಿಣ್ವ ಮದ್ದನ್ನೇ ಒಡೆದುಹಾಕುತ್ತದೆ; ಅದು ಗಡ್ಡೆಯಲ್ಲಿ ತುಂಬಿದ್ದರೂ ಅದೇ ಗತಿ. ಆದರೆ ಗಡ್ಡೆಯ ಕಿಣ್ವ ನೋಡಿ ಮದ್ದಿನ ಫಲ ಊಹಿಸಲು ಹೊರಟ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಏಕಿರಬಹುದೆಂದು ನನ್ನ ಸ್ಲೈಡೇ ಹೇಳುತ್ತಿತ್ತು: ಎಂಡೋಸ್ಕೋಪಿಯ ಚಿಮುಟ ಎಡಗಡೆ ಕಚ್ಚಿದ್ದರೆ ಒಂದು ಉತ್ತರ, ಬಲಗಡೆ ಕಚ್ಚಿದ್ದರೆ ಇನ್ನೊಂದು.

ಜಪಾನಿನ ಎಸ್-1 ಗುಳಿಗೆಯಲ್ಲಿ, ದೇಹದೊಳಗೆ ಫ್ಲೂರೊಯುರಾಸಿಲ್ ಆಗುವ ಮದ್ದಿನ ಜೊತೆ, ಡಿಪಿಡಿಯನ್ನು ತಡೆಯುವ ಗಿಮೆರಾಸಿಲ್ ಸೇರಿಯೇ ಇರುತ್ತದೆ. ಜಠರದ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯ ನಂತರ ಒಂದು ವರ್ಷ ಅದನ್ನು ಕೊಟ್ಟಾಗ, ಮೂರು ವರ್ಷ ಬದುಕುಳಿದವರ ಪ್ರಮಾಣ ಶೇ 70ರಿಂದ ಶೇ 80ಕ್ಕೆ ಏರಿತೆಂದು 2007ರಲ್ಲಿ ವರದಿಯಾಯಿತು. ಅಲ್ಲಿ ಯಾರಿಗೆ ಮದ್ದು ಎಂಬುದನ್ನು ಗಡ್ಡೆಯ ಕಿಣ್ವ ನೋಡಿ ತೀರ್ಮಾನಿಸಿರಲಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಯಕೃತ್ತಿನ ಡಿಪಿಡಿ. ದೇಹಕ್ಕೆ ಹೋದ ಫ್ಲೂರೊಯುರಾಸಿಲ್‌ನ ಶೇ 80ಕ್ಕೂ ಹೆಚ್ಚು ಪಾಲನ್ನು ಒಡೆಯುವುದು ಅದೇ. ಹುಟ್ಟಿನಿಂದಲೇ ಅದು ಕಡಿಮೆ ಇದ್ದವರಿಗೆ ಮಾಮೂಲಿ ಡೋಸೇ ವಿಷವಾಗಬಹುದು. ನನ್ನ ಅಮ್ಮನಿಗೆ ಇದೇ ಮದ್ದಿನ ಮೊದಲ ಸುತ್ತಿನ ಒಂಬತ್ತನೇ ದಿನ ಬಾಯಿಯೆಲ್ಲ ಹುಣ್ಣು, ನಿಲ್ಲದ ಭೇದಿ, ಪಾತಾಳಕ್ಕಿಳಿದ ಬಿಳಿ ರಕ್ತಕಣ. ಚಮಚದಲ್ಲಿ ನೀರು ಹಿಡಿದರೂ ತಲೆ ಅಲ್ಲಾಡಿಸುತ್ತಿದ್ದರು. ಡಿಪಿಡಿ ಪರೀಕ್ಷೆ ಮಾಡಿದ್ದು ಆಮೇಲೆ. ಡೋಸ್ ಅರ್ಧಕ್ಕಿಳಿಸಿದ್ದೂ ಆಮೇಲೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಚಿಕಿತ್ಸೆಗೆ ಮುನ್ನ ಈ ಪರೀಕ್ಷೆಯನ್ನು ಶಿಫಾರಸು ಮಾಡಿದೆ. ಗಡ್ಡೆಯ ಕಿಣ್ವದ ಬಗ್ಗೆ ವಾದವಿರಲಿ, ಈ ರಕ್ತಪರೀಕ್ಷೆಯನ್ನು ಮಾತ್ರ ದಯವಿಟ್ಟು ಕೇಳಿ ಮಾಡಿಸಿಕೊಳ್ಳಿ.

ವರದಿಯಲ್ಲಿ ಹೆಚ್ಚು ಎಂದೂ ಬರೆಯಲಿಲ್ಲ, ಕಡಿಮೆ ಎಂದೂ ಬರೆಯಲಿಲ್ಲ. ಎರಡೂ ಭಾಗಗಳನ್ನು ಕಂಡಂತೆಯೇ ವಿವರಿಸಿ, ಕೆಳಗೆ ಒಂದು ಸಾಲು ಸೇರಿಸಿದೆ: ‘ರೋಗಿಯ ಡಿಪಿಡಿ ಪರೀಕ್ಷೆ ಆಗಿದೆಯೇ?’ ಇಂದು ಬೆಳಿಗ್ಗೆ ವೈದ್ಯರು ಫೋನ್ ಮಾಡಿದರು. ರಕ್ತ ಕಳುಹಿಸಿದ್ದಾರಂತೆ, ಫಲಿತಾಂಶ ಬರುವವರೆಗೆ ಮೊದಲ ಡೋಸ್ ಕೊಡುವುದಿಲ್ಲವಂತೆ.