ಗಿಬ್ ರಿವರ್ ರೋಡ್: ಕ್ಯಾರವಾನ್ ಡರ್ಬಿಯಲ್ಲೇ ಇರಲಿ

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಕ್ಯಾರವಾನ್ (ಜೀಪಿನ ಹಿಂದೆ ಕಟ್ಟುವ ಗಾಲಿಮನೆ) ಎಳೆದುಕೊಂಡು ಹೋಗಿ ದನದ ಸ್ಟೇಷನ್‌ಗಳಲ್ಲಿ, ಅಂದರೆ ಅಲ್ಲಿನ ಭಾರಿ ದನದ ಫಾರ್ಮ್‌ಗಳಲ್ಲಿ, ಉಳಿಯಬೇಕು ಅಂತಿದ್ದೀರಾ? ಮೊದಲು ಬಾಡಿಗೆ ಕರಾರನ್ನು ಕೊನೆಯ ಪುಟದವರೆಗೂ ತರಿಸಿಕೊಂಡು ಓದಿ. ನಮ್ಮ ಜೀಪು ಗೆಳೆಯನದು, ಕ್ಯಾರವಾನ್ ಮಾತ್ರ ಬ್ರೂಮ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡದ್ದು. ಗಿಬ್ ರಿವರ್ ರೋಡ್‌ಗೆ ಹೋಗುತ್ತೇವೆ ಅಂತ ಬುಕ್ ಮಾಡುವಾಗಲೇ ಹೇಳಿದ್ದೆವು. "ಅದಕ್ಕೇ ಹೇಳಿ ಮಾಡಿಸಿದ್ದು" ಅಂದಿದ್ದರು. ಪೂರ್ತಿ ದುಡ್ಡು ಕಟ್ಟಿ, ಕೊಂಡಿ ಸಿಕ್ಕಿಸಿದ ಮೇಲೆ ಸಹಿಗೆ ಬಂದ ಕಾಗದದಲ್ಲಿ ನೋಡಿದರೆ, ಡಾಂಬರು ಬಿಟ್ಟರೆ ವಿಮೆ ಇಲ್ಲ! ಕೇಳಿದರೆ, "ಹೈವೇ ಪಕ್ಕದಲ್ಲೂ ಔಟ್‌ಬ್ಯಾಕ್ (ಒಳನಾಡಿನ ಬಯಲು) ಇದೆಯಲ್ಲ" ಅನ್ನುವ ಉತ್ತರ. ಹಣ ವಾಪಸ್ ಬರಲಿಲ್ಲ.

ಡರ್ಬಿಯಿಂದ ಕುನುನರಾ ಕಡೆಗೆ ಹೋಗುವ ಈ ರಸ್ತೆ ಸುಮಾರು 660 ಕಿ.ಮೀ. ಸ್ಟೇಷನ್‌ಗಳಿಂದ ದನ ಸಾಗಿಸಲು ಮಾಡಿದ ದಾರಿ ಇದು, ಪ್ರವಾಸಿಗರಿಗಾಗಿ ಅಲ್ಲ. ಡರ್ಬಿ ಬಿಟ್ಟು ಸ್ವಲ್ಪ ದೂರ ಡಾಂಬರು, ಆಮೇಲೆ ಕೆಂಪು ಮಣ್ಣು, ಜಲ್ಲಿ, ಉದ್ದಕ್ಕೂ ಅಡ್ಡಡ್ಡ ಏಣು. ಆ ಏಣಿನ ಮೇಲೆ ಗಂಟೆಗಟ್ಟಲೆ ಕುಲುಕಿದರೆ ಸ್ಕ್ರೂಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅಚ್ಚು ಮುರಿದು ರಸ್ತೆ ಬದಿ ಕೂತ ಕ್ಯಾರವಾನ್ ನೋಡಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಡರ್ಬಿಯ ಕ್ಯಾರವಾನ್ ಪಾರ್ಕಿನಲ್ಲಿ ದಿನಕ್ಕಿಷ್ಟು ಅಂತ ಕೊಟ್ಟು ನಮ್ಮದನ್ನು ಬಿಟ್ಟೆವು. ಒಂದು ಟೆಂಟ್ ಕೊಂಡು ಹೊರಟೆವು. ನೀವೂ ಹಾಗೇ ಮಾಡಿ. ಕ್ಯಾರವಾನ್ ಬೇಕೇ ಬೇಕು ಅಂದರೆ ಆಫ್‌ರೋಡ್‌ಗೆ ಅಂತ ಬರೆದುಕೊಟ್ಟದ್ದನ್ನೇ ತೆಗೆದುಕೊಳ್ಳಿ. ಎರಡು ಸ್ಟೆಪ್ನಿ ಇರಲಿ. ಮಣ್ಣಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಕಡಿಮೆ ಮಾಡಿ.

ಸ್ಟೇಷನ್‌ಗಳಲ್ಲಿ ರೂಮು ತೆಗೆದುಕೊಳ್ಳಬೇಡಿ. ಒಂದು ಕಡೆ ಆಸೆಪಟ್ಟು ತೆಗೆದುಕೊಂಡೆವು. ತಗಡಿನ ಡಬ್ಬದಂಥ ಕೋಣೆ, ಬಚ್ಚಲು ಅಂಗಳದಾಚೆ, ಜನರೇಟರ್ ರಾತ್ರಿ ಬಂದ್. ಬೆಲೆ ಮಾತ್ರ ಪರ್ತ್‌ನ ಒಳ್ಳೆಯ ಹೋಟೆಲಿನದು. ಅದೇ ಅಂಗಳದಲ್ಲಿ ಟೆಂಟ್ ಹಾಕಿದವರು ಅದರ ಒಂದು ಚೂರು ಕೊಟ್ಟು, ಅದೇ ಬಚ್ಚಲಲ್ಲಿ ಸ್ನಾನ ಮಾಡಿ ಹಾಯಾಗಿದ್ದರು. ಸ್ನಾನದ ನೀರು ಮಾತ್ರ ಚೆನ್ನಾಗಿತ್ತು. ಡ್ರಮ್ಮಿನ ಕೆಳಗೆ ಸೌದೆ ಉರಿ ಹಾಕಿ ಕಾಯಿಸುತ್ತಾರೆ, ಥೇಟ್ ನಮ್ಮೂರ ಹಂಡೆ ಒಲೆ. ಅದನ್ನವರು 'ಡಾಂಕಿ' ಅನ್ನುತ್ತಾರೆ. ಬೆಳಕು ಹರಿಯುತ್ತಿದ್ದಂತೆ ತಲೆಯ ಮೇಲೆ ಹೆಲಿಕಾಪ್ಟರ್ ಸದ್ದು ಕೇಳಿದರೆ ಗಾಬರಿ ಬೇಡ, ದನ ಕೂಡಿಸಲು ಹೊರಟಿದ್ದಾರೆ. ಲಕ್ಷಗಟ್ಟಲೆ ಎಕರೆ, ಕುದುರೆಯಲ್ಲಿ ಎಷ್ಟು ಅಂತ ಸುತ್ತುತ್ತಾರೆ?

ದನಗಳನ್ನು ನೋಡಿದರೆ ಹಿಣಿಲು, ಜೋಲುವ ಗಂಗೆದೊಗಲು, ಎಲ್ಲಾ ನಮ್ಮ ಕಡೆಯದೇ. ಬ್ರಾಹ್ಮನ್ ತಳಿ. ಅಮೆರಿಕದವರು ಗಿರ್, ಓಂಗೋಲ್, ನಮ್ಮ ಕೃಷ್ಣಾ ಕಣಿವೆಯ ತಳಿಗಳನ್ನೆಲ್ಲ ಬೆರೆಸಿ ಮಾಡಿದ್ದು, 1933ರಲ್ಲಿ ಆಸ್ಟ್ರೇಲಿಯಾಕ್ಕೆ ಬಂತು. ಬಿಸಿಲು, ರಕ್ತ ಹೀರುವ ಉಣ್ಣಿ ಎರಡನ್ನೂ ತಡೆಯುತ್ತದೆ. ಬೆಳಗಾವಿ ಕಡೆಯ ನನ್ನ ಗೆಳೆಯ ಬೇಲಿ ಬಿಟ್ಟು ಬರಲೇ ಇಲ್ಲ.

ಬಿಲ್ ನೋಡಿ ಬೈದುಕೊಳ್ಳದೆ ತಿಂದದ್ದು ಎಲ್ಲೆನ್‌ಬ್ರೇ ಸ್ಟೇಷನ್‌ನಲ್ಲಿ. ಎಲ್ಲಿಗೂ ಹತ್ತಿರ ಇಲ್ಲದ ಜಾಗ. ಮಣ್ಣು ಮೆತ್ತಿದ ಜೀಪುಗಳು ಸಾಲಾಗಿ ನಿಂತಿರುತ್ತವೆ, ಎಲ್ಲಾ ಸ್ಕೋನ್ ಅನ್ನುವ ದುಂಡು ಬನ್ನಿಗಾಗಿ. ಬಿಸಿ ಸ್ಕೋನ್ ಮುರಿದರೆ ಹಬೆ ಬರುತ್ತದೆ. ಅದರ ಮೇಲೆ ಜ್ಯಾಮ್, ಅದರ ಮೇಲೆ ದಪ್ಪ ಕೆನೆ. ಹೊರಗೆ ಗರಿ, ಒಳಗೆ ಮೆತ್ತಗೆ. ಜೊತೆಗೆ ಚಹಾ. ಸಣ್ಣ ಹಕ್ಕಿಗಳು ಮೇಜಿನವರೆಗೂ ಬರುತ್ತವೆ. ನಾವು ಒಂದು ಸುತ್ತು ತಿಂದು, ಎದ್ದು, ಮತ್ತೆ ಹೋಗಿ ಕೂತೆವು. ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ಇದೇ ದೊಡ್ಡ ಊಟ ಅಂದುಕೊಳ್ಳಿ. ಮೊಟ್ಟೆಯನ್ನೂ ಬಿಟ್ಟವರು ಸುಮ್ನೆ ಒಮ್ಮೆ ಕೇಳಿಕೊಳ್ಳಿ. ಬೇರೆ ಕಡೆ ಬರ್ಗರ್, ಸ್ಟೇಕ್ ಅಷ್ಟೇ. ಅಕ್ಕಿ, ಬೇಳೆ, ಸಣ್ಣ ಕುಕ್ಕರ್ ಜೊತೆಗಿರಲಿ. ಡಾರ್ವಿನ್ ಕಡೆಯಿಂದ ಬರುವವರು ಹಣ್ಣು, ತರಕಾರಿ, ಜೇನು ತರಬೇಡಿ. ರಾಜ್ಯದ ಗಡಿಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ವಿಂಜಾನಾ ಕಮರಿಯಲ್ಲಿ ಮೊಸಳೆಗಿಂತ ಕ್ಯಾಮೆರಾ ಜಾಸ್ತಿ ಇದ್ದವು. ಜನ ನನಗೆ ಆಗಿಬರುವುದಿಲ್ಲ, ಬೇಗ ಹೊರಟುಬಿಟ್ಟೆ. ಮಕ್ಕಳಿದ್ದರೆ ಹೋಗಿ. ಗಾಡಿಯನ್ನು ನೀರಲ್ಲೇ ದಾಟಿಸಬೇಕಾದ ಪೆಂಟಕೋಸ್ಟ್ ನದಿಯಲ್ಲಿ ಮಾತ್ರ ತಮಾಷೆ ಬೇಡ. ಅಲ್ಲಿರುವುದು ಮನುಷ್ಯರನ್ನೂ ಹಿಡಿಯುವ ಉಪ್ಪುನೀರಿನ ಮೊಸಳೆ. ಆಳ ನೋಡಲು ನೀರಿಗೆ ಇಳಿಯಬೇಡಿ. ಮುಂದಿನ ಗಾಡಿ ದಾಟುವವರೆಗೆ ಕಾಯಿರಿ.

ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ, ಆಮೇಲೆ ಬರುವ ಅಲ್ಲಿನ ಮಳೆಗಾಲದಲ್ಲಿ ರಸ್ತೆ ಮುಚ್ಚಿರುತ್ತದೆ. ವಾಪಸ್ ಬರಲು ಹಾಲ್ಸ್ ಕ್ರೀಕ್, ಫಿಟ್ಸ್‌ರಾಯ್ ಕ್ರಾಸಿಂಗ್ ಮೇಲಿನ ಹೈವೇ ಇದೆ, ಪೂರ್ತಿ ಡಾಂಬರು. 2023ರ ಜನವರಿ ಪ್ರವಾಹಕ್ಕೆ ಮುರಿದ ಫಿಟ್ಸ್‌ರಾಯ್ ಸೇತುವೆಯ ಜಾಗದಲ್ಲಿ ಹೊಸದು ಬಂದಿದೆ. ಕ್ಯಾರವಾನ್‌ನಲ್ಲೇ ಮಲಗಬೇಕು, ಧೂಳು ಬೇಡ ಅನ್ನುವವರು ಈ ಹೈವೇಯಲ್ಲೇ ಹೋಗಿ ಬನ್ನಿ, ಸ್ಕೋನ್ ಒಂದು ಬಿಟ್ಟು ಹೋಗುತ್ತದೆ. ಕತ್ತಲಾದ ಮೇಲೆ ಮಾತ್ರ ಎಲ್ಲೂ ಓಡಿಸಬೇಡಿ. ಬೇಲಿ ಇಲ್ಲದ ಕಡೆ ದನ ರಸ್ತೆಯಲ್ಲೇ ಮಲಗಿರುತ್ತವೆ.